ಮನೋವ್ಯಥೆಯೂ ದೇಹವ್ಯಾಧಿಯೂ: ಚೀನೀ ವೈದ್ಯವು ಸುಗಟೂರು ಸೀಮೆಗೆ ಹೇಳುವ ಮಾತು

ನಮ್ಮಲ್ಲಿ ‘ಆಧಿವ್ಯಾಧಿ’ ಎಂಬ ಜೋಡಿಪದವು ಬಹುಕಾಲದಿಂದ ಬಳಕೆಯಲ್ಲಿದೆ. ಆಧಿಯೆಂದರೆ ಮನಸ್ಸಿನ ಬೇನೆ. ವ್ಯಾಧಿಯೆಂದರೆ ಮೈಯ ಬೇನೆ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ನಮ್ಮ ಹಿರಿಯರಿಗೆ ಸಹಜವಾಗಿತ್ತು. ಸಿಟ್ಟು ಬಂದವನಿಗೆ ‘ಪಿತ್ತ ನೆತ್ತಿಗೇರಿತು’ ಎನ್ನುತ್ತೇವೆ. ಅಸೂಯೆಗೆ ‘ಹೊಟ್ಟೆಕಿಚ್ಚು’ ಎಂದು ಹೆಸರಿಟ್ಟಿದ್ದೇವೆ. ಕೆಟ್ಟ ಸುದ್ದಿ ಕೇಳಿದಾಗ ‘ಎದೆ ಒಡೆಯಿತು’ ಎಂದೂ, ಕರುಣೆಯುಕ್ಕಿದಾಗ ‘ಕರುಳು ಕಿತ್ತು ಬಂತು’ ಎಂದೂ ಹೇಳುತ್ತೇವೆ. ಇವು ಬರಿಯ ಅಲಂಕಾರದ ಮಾತುಗಳೋ ಅಥವಾ ಇವುಗಳ ತಳದಲ್ಲಿ ಏನಾದರೂ ವೈದ್ಯಸತ್ಯವು ಅಡಗಿದೆಯೋ ಎಂಬ ಪ್ರಶ್ನೆಯು ವಿಚಾರಕ್ಕೆ ಯೋಗ್ಯವಾದುದು.

ಈ ಪ್ರಶ್ನೆಯನ್ನು ನಾವು ಪಾಂಡಿತ್ಯದ ವಿನೋದಕ್ಕಾಗಿ ಎತ್ತುತ್ತಿಲ್ಲ. ಕೋಲಾರ ತಾಲ್ಲೂಕಿನ ಸುಗಟೂರು ಹೋಬಳಿಯಂಥ ಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ಎತ್ತುತ್ತಿದ್ದೇವೆ. ಸುಗಟೂರಿನ ಹೆಸರು ಚರಿತ್ರೆಯನ್ನು ಬಲ್ಲವರಿಗೆ ಹೊಸದಲ್ಲ. ಹೊಸಕೋಟೆಯನ್ನು ಕಟ್ಟಿಸಿದ ತಮ್ಮೇಗೌಡನು ಸುಗಟೂರು ಪಾಳೆಯಗಾರರ ಮನೆತನದವನು. ಆದರೆ ಇಂದು ಆ ಸೀಮೆಯ ರೈತನ ನಿದ್ರೆಯನ್ನು ಕೆಡಿಸುವುದು ಕೋಟೆಕೊತ್ತಳಗಳ ಚಿಂತೆಯಲ್ಲ. ಕೊಳವೆಬಾವಿಯಲ್ಲಿ ನೀರು ನಿಂತುಹೋದೀತೆಂಬ ಭಯ, ಪೇಟೆಯಲ್ಲಿ ಟೊಮೇಟೊ ಧಾರಣೆ ಕುಸಿದೀತೆಂಬ ಕಳವಳ, ಸಾಲದ ಕಂತಿನ ದಿನವು ಹತ್ತಿರ ಬಂತೆಂಬ ಅಂಜಿಕೆ. ಇಂಥವನು ಎದೆಯುರಿಯೆಂದೋ, ತಲೆಭಾರವೆಂದೋ, ಮೈಕೈ ಸೆಳೆತವೆಂದೋ ವೈದ್ಯರ ಬಳಿಗೆ ಹೋಗುತ್ತಾನೆ. ಪರೀಕ್ಷೆಯಲ್ಲಿ ಏನೂ ಕಾಣಿಸುವುದಿಲ್ಲ. ‘ಗ್ಯಾಸ್’ ಎಂದು ಹೇಳಿ ನಾಲ್ಕು ಮಾತ್ರೆಗಳನ್ನು ಕೊಟ್ಟು ಕಳುಹಿಸುತ್ತಾರೆ. ಅವನು ಮನೆಗೆ ಬಂದು ಅದೇ ಚಾಪೆಯ ಮೇಲೆ ಅದೇ ಕತ್ತಲನ್ನು ದಿಟ್ಟಿಸುತ್ತಾ ಮಲಗುತ್ತಾನೆ. ಅವನ ಬೇನೆಯು ಸುಳ್ಳೇ? ಅಲ್ಲ. ಹಾಗಾದರೆ ಅದರ ಮೂಲವೆಲ್ಲಿ?

ಈ ಪ್ರಶ್ನೆಗೆ ಅತ್ಯಂತ ಕ್ರಮಬದ್ಧವಾದ ಉತ್ತರವನ್ನು ಕೊಡಲು ಹೊರಟ ಪ್ರಾಚೀನ ಶಾಸ್ತ್ರಗಳಲ್ಲಿ ಚೀನೀಯರ ವೈದ್ಯವು ಒಂದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಸಂಗ್ರಹವಾದ ‘ಹ್ವಾಂಗ್‌ಡಿ ನೈಜಿಂಗ್’ ಎಂಬ ಗ್ರಂಥವು ಪೀತಸಾಮ್ರಾಟನಿಗೂ ಅವನ ವೈದ್ಯಾಚಾರ್ಯನಾದ ಚೀಬೋ ಎಂಬವನಿಗೂ ನಡೆದ ಸಂವಾದದ ರೂಪದಲ್ಲಿದೆ. ಶರೀರದಲ್ಲೆಲ್ಲ ‘ಚೀ’ ಎಂಬ ಪ್ರಾಣಶಕ್ತಿಯು ಹರಿಯುತ್ತಿರುತ್ತದೆ. ಅದರ ಗತಿಯು ಸರಿಯಾಗಿದ್ದರೆ ಆರೋಗ್ಯ, ಕೆಟ್ಟರೆ ರೋಗ. ಆ ಗತಿಯನ್ನು ಕೆಡಿಸುವ ಕಾರಣಗಳಲ್ಲಿ ಭಾವಗಳು ಮುಖ್ಯವಾದವು ಎಂಬುದು ಆ ಗ್ರಂಥದ ಸಿದ್ಧಾಂತ. ಕೋಪವು ಚೀಯನ್ನು ಮೇಲಕ್ಕೆ ಏರಿಸುತ್ತದೆ, ಅತಿಯಾದ ಹರ್ಷವು ಸಡಿಲಿಸುತ್ತದೆ, ದುಃಖವು ಕರಗಿಸುತ್ತದೆ, ಭಯವು ಕೆಳಕ್ಕೆ ಇಳಿಸುತ್ತದೆ, ಹಠಾತ್ತನೆ ಬಡಿದ ದಿಗಿಲು ಚದರಿಸುತ್ತದೆ, ಚಿಂತೆಯು ಗಂಟುಕಟ್ಟಿಸುತ್ತದೆ. ಪಿತ್ತವು ನೆತ್ತಿಗೇರಿತೆನ್ನುವ ನಮ್ಮ ಹಳ್ಳಿಗನಿಗೂ ಕೋಪದಿಂದ ಚೀಯು ಮೇಲೇರಿತೆನ್ನುವ ಆ ವೈದ್ಯನಿಗೂ ಇರುವ ಸಾಮ್ಯವನ್ನು ವಾಚಕರು ಗಮನಿಸದೆ ಇರಲಾರರು.

ಈ ಭಾವಗಳಿಗೆ ಒಂದೊಂದು ಅವಯವವನ್ನೂ ಆ ಶಾಸ್ತ್ರವು ಗೊತ್ತುಮಾಡಿದೆ. ಕೋಪವು ಯಕೃತ್ತಿಗೆ, ಹರ್ಷವು ಹೃದಯಕ್ಕೆ, ಚಿಂತೆಯು ಪ್ಲೀಹಕ್ಕೆ, ಶೋಕವು ಶ್ವಾಸಕೋಶಕ್ಕೆ, ಭಯವು ಮೂತ್ರಪಿಂಡಕ್ಕೆ ಸೇರಿದುದು. ಇವು ಕ್ರಮವಾಗಿ ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ತ್ವಗಳಿಗೂ ಹೊಂದಿಕೊಂಡಿವೆ. ಇಲ್ಲಿ ಹೇಳಿದ ಪ್ಲೀಹವು ಇಂದಿನ ಶರೀರಶಾಸ್ತ್ರದ ಪ್ಲೀಹವೇ ಅಲ್ಲ. ಅನ್ನವನ್ನು ಪಚನಮಾಡಿ ಮೈಗೆ ಬಲ ಕೊಡುವ ವ್ಯಾಪಾರಕ್ಕೆಲ್ಲ ಅವರು ಇಟ್ಟ ಹೆಸರು ಅದು. ಚಿಂತೆಯುಳ್ಳವನಿಗೆ ಅನ್ನ ಸೇರುವುದಿಲ್ಲವೆಂಬುದು ಯಾವ ತಾಯಿಗೆ ಗೊತ್ತಿಲ್ಲ? ಮುಂದೆ 1174ರಲ್ಲಿ ಚೆನ್ ಯಾನ್ ಎಂಬ ವೈದ್ಯನು ರೋಗಕಾರಣಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, ಗಾಳಿ, ಚಳಿ, ಶಾಖ ಮೊದಲಾದವನ್ನು ಹೊರಗಿನ ಕಾರಣಗಳೆಂದೂ, ಏಳು ಭಾವಗಳನ್ನು ಒಳಗಿನ ಕಾರಣಗಳೆಂದೂ, ಮಿಕ್ಕವನ್ನು ಎರಡಕ್ಕೂ ಸೇರದವೆಂದೂ ಸ್ಪಷ್ಟಪಡಿಸಿದನು. ಭಾವವಿರುವುದೇ ರೋಗವೆಂದು ಅವರು ಹೇಳಲಿಲ್ಲ. ಅಳತೆ ಮೀರಿದ ಭಾವ, ಬಹುಕಾಲ ತಂಗಿದ ಭಾವ, ಹೊರಬರಲು ದಾರಿಯಿಲ್ಲದ ಭಾವ, ಇವು ಮಾತ್ರ ರೋಗವನ್ನು ಹುಟ್ಟಿಸುತ್ತವೆಂದು ಹೇಳಿದರು.

ಈ ಸಿದ್ಧಾಂತವನ್ನು ಚಿಕಿತ್ಸೆಯಲ್ಲಿ ಬಳಸಿದವರಲ್ಲಿ ಜಾಂಗ್ ತ್ಸಿಹೆ ಎಂಬವನು ಪ್ರಸಿದ್ಧನು. ಅವನು ಹನ್ನೆರಡು ಹದಿಮೂರನೆಯ ಶತಮಾನಗಳ ಸಂಧಿಯಲ್ಲಿದ್ದವನು. ಒಬ್ಬ ಧನಿಕನ ಹೆಂಡತಿಯು ಅತಿಯಾದ ಚಿಂತೆಯಿಂದ ಎರಡು ವರ್ಷಕ್ಕಿಂತಲೂ ಹೆಚ್ಚಾಗಿ ನಿದ್ರೆಯಿಲ್ಲದೆ ನರಳುತ್ತಿದ್ದಳು. ಯಾವ ಔಷಧವೂ ಹಿಡಿಯಲಿಲ್ಲ. ಜಾಂಗನು ನಾಡಿ ನೋಡಿ, ಇದು ಚಿಂತೆಯಿಂದ ಪ್ಲೀಹಕ್ಕೆ ತಗುಲಿದ ಪೆಟ್ಟು, ಇದನ್ನು ಕೋಪದಿಂದ ಗೆಲ್ಲಬೇಕು ಎಂದು ನಿಶ್ಚಯಿಸಿದನು. ಅವಳ ಗಂಡನೊಡನೆ ಗುಟ್ಟಾಗಿ ಮಾತಾಡಿಕೊಂಡು, ಹೇರಳವಾಗಿ ಹಣ ತೆಗೆದುಕೊಂಡು, ಹಲವು ದಿನ ಅವರ ಮನೆಯಲ್ಲೇ ಕುಡಿದು ಉಂಡು, ಕಡೆಗೆ ಒಂದು ಔಷಧವನ್ನೂ ಬರೆದುಕೊಡದೆ ಹೊರಟುಹೋದನು! ಆ ಗೃಹಿಣಿಗೆ ಕೆರಳಿದ ಸಿಟ್ಟಿಗೆ ಮೈಯೆಲ್ಲ ಬೆವತಿತು. ಆ ರಾತ್ರಿಯೇ ಅವಳಿಗೆ ನಿದ್ರೆ ಹತ್ತಿತು; ಎಂಟೊಂಬತ್ತು ದಿನ ಮಲಗಿದ್ದು ಎದ್ದ ಮೇಲೆ ಅನ್ನವೂ ರುಚಿಸಿತು, ನಾಡಿಯೂ ಸರಿಹೋಯಿತು ಎಂದು ಆ ವೈದ್ಯನ ಗ್ರಂಥದಲ್ಲಿ ದಾಖಲೆಯಿದೆ. ಕಥೆಯಲ್ಲಿ ಅತಿಶಯೋಕ್ತಿಯಿರಬಹುದು. ಆದರೆ ಗಂಟುಕಟ್ಟಿದ ಮನಸ್ಸು ಬಿಚ್ಚಿದ ಹೊರತು ಮೈ ಹಗುರವಾಗದು ಎಂಬ ಅದರ ತಾತ್ಪರ್ಯವನ್ನು ಅಲ್ಲಗಳೆಯುವುದು ಸುಲಭವಲ್ಲ.

ಇಷ್ಟನ್ನು ಓದಿ, ‘ಇದೆಲ್ಲ ನಮ್ಮಲ್ಲಿಯೂ ಇದೆಯಷ್ಟೆ’ ಎಂದು ವಾಚಕರು ಹೇಳಿದರೆ ಅದು ಪೊಳ್ಳು ಹೆಮ್ಮೆಯಲ್ಲ. ಚರಕಸಂಹಿತೆಯು ಕಾಮ, ಶೋಕ, ಭಯಗಳಿಂದ ವಾತವೂ ಕ್ರೋಧದಿಂದ ಪಿತ್ತವೂ ಕೆರಳುವುದೆಂದು ಹೇಳುತ್ತದೆ. ಭಯದಿಂದ ಬರುವ ಅತಿಸಾರವನ್ನೂ ಶೋಕದಿಂದ ಬರುವ ಅತಿಸಾರವನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ರೋಗವನ್ನು ಬೆಳೆಸುವ ಸಂಗತಿಗಳಲ್ಲೆಲ್ಲ ವಿಷಾದಕ್ಕೆ ಅಗ್ರಸ್ಥಾನವನ್ನು ಕೊಡುತ್ತದೆ. ಮಲಮೂತ್ರಾದಿ ವೇಗಗಳನ್ನು ತಡೆಯಬಾರದು, ಆದರೆ ಲೋಭ, ಶೋಕ, ಭಯ, ಕ್ರೋಧ, ಈರ್ಷ್ಯೆ ಮೊದಲಾದ ಮನಸ್ಸಿನ ವೇಗಗಳನ್ನು ತಡೆಯಬೇಕು ಎಂದು ವಿವೇಕದಿಂದ ವಿಂಗಡಿಸುತ್ತದೆ. ಎಲ್ಲಕ್ಕಿಂತಲೂ ಸೋಜಿಗವೇನೆಂದರೆ, ಉನ್ಮಾದ ಪ್ರಕರಣದಲ್ಲಿ ಒಂದು ಭಾವದಿಂದ ಹುಟ್ಟಿದ ಬೇನೆಯನ್ನು ಅದಕ್ಕೆ ಎದುರಾದ ಇನ್ನೊಂದು ಭಾವದಿಂದ ಶಮನಗೊಳಿಸಬೇಕೆಂಬ ವಿಧಿಯಿದೆ. ಜಾಂಗ್ ತ್ಸಿಹೆಯು ಮಾಡಿದುದೂ ಅದನ್ನೇ ಅಲ್ಲವೆ? ಮಂತ್ರಾದಿಗಳ ದೈವವ್ಯಪಾಶ್ರಯ, ಔಷಧಾದಿಗಳ ಯುಕ್ತಿವ್ಯಪಾಶ್ರಯ ಎಂಬ ಚಿಕಿತ್ಸೆಗಳ ಜೊತೆಗೆ ಮನಸ್ಸನ್ನು ಗೆಲ್ಲುವ ಸತ್ತ್ವಾವಜಯವೆಂಬ ಮೂರನೆಯ ಚಿಕಿತ್ಸೆಯನ್ನೂ ಚರಕನು ಹೇಳಿದ್ದಾನೆ.

ಇನ್ನು ಆಧುನಿಕ ವಿಜ್ಞಾನವು ಏನೆನ್ನುತ್ತದೆ? ಅಮೆರಿಕದ ವಿಲಿಯಂ ಬೋಮಾಂಟ್ ಎಂಬ ವೈದ್ಯನು ಗುಂಡೇಟಿನಿಂದ ಹೊಟ್ಟೆಯಲ್ಲಿ ಮುಚ್ಚದ ರಂಧ್ರ ಉಳಿದಿದ್ದ ರೋಗಿಯೊಬ್ಬನ ಜಠರವನ್ನು ವರ್ಷಗಟ್ಟಲೆ ಕಣ್ಣಾರೆ ಪರೀಕ್ಷಿಸಿ, ಕೋಪ ಬಂದಾಗ ಜೀರ್ಣಕ್ರಿಯೆಯು ಕೆಡುವುದೆಂದು 1833ರಲ್ಲಿ ಪ್ರಕಟಿಸಿದನು. ಆ ಶತಮಾನದ ಕೊನೆಗೆ ವಾಲ್ಟರ್ ಕ್ಯಾನನ್ ಎಂಬವನು ಕ್ಷಕಿರಣಗಳಿಂದ ನೋಡುತ್ತಿದ್ದಾಗ, ಬೆಕ್ಕು ಕಳವಳಗೊಂಡ ಕೂಡಲೇ ಅದರ ಜಠರದ ಚಲನೆಯು ನಿಂತುಹೋಗುವುದನ್ನು ಕಂಡನು. ಭಯಕೋಪಗಳು ಎರಗಿದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ಎಂಬ ರಸವು ರಕ್ತಕ್ಕೆ ಸೇರುತ್ತದೆ. ನಾಡಿ ವೇಗವಾಗುತ್ತದೆ, ರಕ್ತದೊತ್ತಡ ಏರುತ್ತದೆ, ಯಕೃತ್ತಿನಿಂದ ಸಕ್ಕರೆಯು ಹೊರಬೀಳುತ್ತದೆ, ಜೀರ್ಣದ ಕೆಲಸ ನಿಲ್ಲುತ್ತದೆ. ಹುಲಿಯನ್ನು ಕಂಡು ಓಡುವವನಿಗೆ ಇದು ಉಪಕಾರ. ಆದರೆ ಹುಲಿಯು ತಿಂಗಳುಗಟ್ಟಲೆ ಬಾಗಿಲಲ್ಲೇ ಕುಳಿತಿದ್ದರೆ? ಆಗ ಕಾರ್ಟಿಸಾಲ್ ಮುಂತಾದ ರಸಗಳು ಇಳಿಯದೆ ನಿಂತು, ನಿದ್ರೆಯನ್ನೂ ರಕ್ತನಾಳಗಳನ್ನೂ ರೋಗನಿರೋಧಕ ಶಕ್ತಿಯನ್ನೂ ಸವೆಸುತ್ತವೆ. ದೀರ್ಘಕಾಲದ ಒತ್ತಡದಿಂದ ದೇಹವು ಸವೆಯುವ ಕ್ರಮವನ್ನು ಹ್ಯಾನ್ಸ್ ಸೆಲ್ಯೆ 1936ರಿಂದ ವಿವರಿಸಲಾರಂಭಿಸಿದನು. ಸಾಲದ ಕಂತೆಂಬುದು ಬಾಗಿಲಲ್ಲಿ ಕುಳಿತ ಹುಲಿಯಲ್ಲದೆ ಮತ್ತೇನು?

‘ಎದೆ ಒಡೆಯಿತು’ ಎಂಬ ಮಾತಿಗೂ ವಿಜ್ಞಾನದ ಸಾಕ್ಷಿಯುಂಟು. ಆಪ್ತರ ಮರಣದಂಥ ಆಘಾತದಿಂದ ಹೃದಯದ ಒಂದು ಭಾಗವು ಇದ್ದಕ್ಕಿದ್ದಂತೆ ಉಬ್ಬಿ ದುರ್ಬಲವಾಗುವ ರೋಗವನ್ನು ಜಪಾನಿನ ವೈದ್ಯರು 1990ರಲ್ಲಿ ವರ್ಣಿಸಿ, ಹೃದಯವು ಆಗ ತಾಳುವ ಆಕಾರವು ಅಷ್ಟಪದಿಯನ್ನು ಹಿಡಿಯುವ ಮಡಕೆಯಂತಿರುವುದರಿಂದ ‘ಟಾಕೊತ್ಸುಬೊ’ ಎಂದು ಹೆಸರಿಟ್ಟರು. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವು 52 ದೇಶಗಳ ಜನರನ್ನು ಪರಿಶೀಲಿಸಿ, ಹೊಗೆಸೊಪ್ಪು, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಜೊತೆಗೆ ಮನಸ್ಸಿನ ಒತ್ತಡವನ್ನೂ ಹೃದಯಾಘಾತದ ಮುಖ್ಯ ಕಾರಣಗಳಲ್ಲಿ ಸೇರಿಸಿತು.

ಆದರೆ ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನಾವು ವಾಚಕರಿಗೆ ದ್ರೋಹ ಬಗೆದಂತಾಗುವುದು. ಪ್ರಾಚೀನರು ಸಂಬಂಧವನ್ನು ಸರಿಯಾಗಿ ಊಹಿಸಿದರೆಂದ ಮಾತ್ರಕ್ಕೆ ಅವರು ಹೇಳಿದುದೆಲ್ಲ ಸಿದ್ಧವಾಯಿತೆಂದು ತಿಳಿಯಬಾರದು. ಕೋಪಕ್ಕೆ ಯಕೃತ್ತು, ಶೋಕಕ್ಕೆ ಶ್ವಾಸಕೋಶ ಎಂಬ ಕೋಷ್ಟಕವನ್ನು ಇಂದಿನ ಶರೀರಶಾಸ್ತ್ರವು ಒಪ್ಪುವುದಿಲ್ಲ. ಜಠರದ ಹುಣ್ಣು ಚಿಂತೆಯಿಂದಲೇ ಬರುವುದೆಂದು ಆಧುನಿಕ ವೈದ್ಯರೇ ಬಹುಕಾಲ ನಂಬಿದ್ದರು. ಆಸ್ಟ್ರೇಲಿಯದ ವಾರೆನ್, ಮಾರ್ಷಲ್ ಎಂಬಿಬ್ಬರು 1982ರಲ್ಲಿ ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಬೆಳೆಸಿ ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಿಕವು ದೊರೆಯಿತು. ಇಂದು ಆ ಹುಣ್ಣಿಗೆ ಕೆಲವು ದಿನಗಳ ಔಷಧವೇ ಸಾಕು. ಕ್ಷಯರೋಗದ ಕಥೆಯೂ ಇಂಥದೇ. ಕೋಲಾರ ಸೀಮೆಯ ನೆರೆಯಲ್ಲೇ ಇರುವ ಮದನಪಲ್ಲಿಯ ಆರೋಗ್ಯವರಂ ಸ್ಯಾನಟೋರಿಯಂ ಒಂದು ಕಾಲದಲ್ಲಿ ದಕ್ಷಿಣ ದೇಶದ ಕ್ಷಯರೋಗಿಗಳಿಗೆಲ್ಲ ಆಶ್ರಯವಾಗಿತ್ತು. ಒಳ್ಳೆಯ ಗಾಳಿ, ವಿಶ್ರಾಂತಿ, ನಿಶ್ಚಿಂತೆ, ಇವೇ ಆಗಿನ ಮದ್ದು. ಔಷಧಗಳು ಬಂದ ಮೇಲೆ, 1959ರಲ್ಲಿ ಮದರಾಸಿನ ಪ್ರಯೋಗವೊಂದು, ಬಡವನ ಇಕ್ಕಟ್ಟಾದ ಮನೆಯಲ್ಲಿಯೂ ಮದ್ದನ್ನು ತಪ್ಪದೆ ತೆಗೆದುಕೊಂಡರೆ ಸ್ಯಾನಟೋರಿಯಮ್ಮಿನಷ್ಟೇ ಗುಣವಾಗುವುದೆಂದು ತೋರಿಸಿತು.

ಹೀಗಿರುವಾಗ, ಕ್ಷಯವಿರುವವನಿಗೆ ‘ದುಃಖ ಬಿಡು’ ಎನ್ನುವುದೂ, ಅರ್ಬುದರೋಗ ತಗುಲಿದವಳಿಗೆ ‘ನಿನ್ನ ಚಿಂತೆಯೇ ಇದನ್ನು ತಂದಿತು’ ಎನ್ನುವುದೂ ಅಜ್ಞಾನ ಮಾತ್ರವಲ್ಲ, ಕ್ರೌರ್ಯ. ಕೋಲಾರ ಜಿಲ್ಲೆಯ ಅನೇಕ ಊರುಗಳಲ್ಲಿ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿರುವುದು ಸರ್ವವಿದಿತ. ಆ ನೀರನ್ನು ಕುಡಿದು ಹಲ್ಲು ಹಳದಿಯಾದ, ಕೀಲುಗಳು ಬಿಗಿದುಕೊಂಡ ಮುದುಕನ ಬೇನೆಯು ಮನಸ್ಸಿನದಲ್ಲ, ನೀರಿನದು. ಅವನಿಗೆ ಬೇಕಾದುದು ಉಪದೇಶವಲ್ಲ, ಶುದ್ಧವಾದ ನೀರು. ಎದೆನೋವೆಂದು ಬಂದವನನ್ನು ಮೊದಲು ಹೃದಯದ ಪರೀಕ್ಷೆಗೆ ಒಳಪಡಿಸಬೇಕು. ಚಿಂತೆಯ ಮಾತು ಆಮೇಲಿನದು. ದೇಹದಲ್ಲಿ ಕಾರಣವಿದ್ದರೆ ಅದನ್ನು ಹುಡುಕಿ ತೆಗೆಯುವುದು ವೈದ್ಯನ ಪ್ರಥಮ ಧರ್ಮ.

ಆದರೆ ದೇಹದಲ್ಲಿ ಏನೂ ಕಾಣಲಿಲ್ಲವೆಂದು ರೋಗಿಯನ್ನು ಬರಿಗೈಯಲ್ಲಿ ಕಳುಹಿಸುವುದೂ ಧರ್ಮವಲ್ಲ. ಇದಕ್ಕೆ ಚೀನದೇಶದಿಂದಲೇ ಒಂದು ದೃಷ್ಟಾಂತವನ್ನು ಕೊಡಬಹುದು. 1980ರಲ್ಲಿ ಹೂನಾನ್ ಪ್ರಾಂತ್ಯದ ಆಸ್ಪತ್ರೆಯೊಂದರಲ್ಲಿ ಅಮೆರಿಕದ ಆರ್ಥರ್ ಕ್ಲೈನ್‌ಮನ್ ಎಂಬ ಮನೋವೈದ್ಯನು ‘ನರದೌರ್ಬಲ್ಯ’ವೆಂದು ಹೆಸರು ಪಡೆದಿದ್ದ ನೂರು ಮಂದಿ ರೋಗಿಗಳನ್ನು ಪರೀಕ್ಷಿಸಿದನು. ತಲೆನೋವು, ನಿದ್ರಾಹೀನತೆ, ಆಯಾಸ, ಇವು ಅವರು ಹೇಳಿಕೊಂಡ ಬೇನೆಗಳು. ಅವರಲ್ಲಿ 87 ಮಂದಿಗೆ ತೀವ್ರವಾದ ವಿಷಾದರೋಗವಿತ್ತೆಂದು ಗೊತ್ತಾಯಿತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಅನುಭವಿಸಿದ ಅವಮಾನ, ಅಗಲಿಕೆಗಳನ್ನು ಬಾಯಿಬಿಟ್ಟು ಹೇಳಲಾರದೆ ಹೋದ ಅನೇಕರ ಪರವಾಗಿ ಮೈ ಮಾತಾಡಿತ್ತು. ಸುಗಟೂರಿನ ಗೃಹಿಣಿಯೂ ‘ನನಗೆ ದುಃಖವಾಗಿದೆ’ ಎಂದು ವೈದ್ಯರಿಗೆ ಹೇಳುವುದಿಲ್ಲ. ‘ಕೈಕಾಲಲ್ಲಿ ಬಲವಿಲ್ಲ, ತಲೆಯಲ್ಲಿ ಉರಿ’ ಎನ್ನುತ್ತಾಳೆ. ಆ ಭಾಷೆಯನ್ನು ಅರ್ಥಮಾಡಿಕೊಳ್ಳುವ ಕಿವಿಯು ಬೇಕಾಗಿದೆ.

ಆ ಕಿವಿಯನ್ನು ಹಳ್ಳಿಗೆ ತರುವ ಪ್ರಯತ್ನದಲ್ಲಿ ನಮ್ಮ ನಾಡು ಹಿಂದುಳಿದಿಲ್ಲವೆಂಬುದನ್ನು ಹೆಮ್ಮೆಯಿಂದಲೇ ಹೇಳಬಹುದು. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ನಿಮ್ಹಾನ್ಸ್ ಆಯಿತು. ಅದು ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳ ಚಿಕಿತ್ಸೆಯಲ್ಲಿ ಶಿಕ್ಷಣ ಕೊಟ್ಟು ನಡೆಸಿದ ಪ್ರಯೋಗವೇ ದೇಶಕ್ಕೆಲ್ಲ ಮಾದರಿಯಾಗಿ, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ಬೆಳೆಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿಮಾನಸ್ ಎಂಬ ಉಚಿತ ದೂರವಾಣಿ ಸೇವೆಗೂ ನಿಮ್ಹಾನ್ಸೇ ಕೇಂದ್ರ. 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಕೋಲಾರದಿಂದ ಬೆಂಗಳೂರು ಸುಮಾರು 70 ಕಿಲೋಮೀಟರು ಮಾತ್ರ. ಆದರೆ ‘ಹುಚ್ಚಾಸ್ಪತ್ರೆಗೆ ಹೋದನಂತೆ’ ಎಂಬ ನೆರೆಯವರ ಮಾತಿಗೆ ಅಂಜುವವನಿಗೆ ಆ ದೂರವು ಏಳು ಸಮುದ್ರಗಳಷ್ಟು. ಈ ನಾಚಿಕೆಯನ್ನು ನೀಗಿಸುವುದು ಸರ್ಕಾರದ ಕೈಯಲ್ಲಿಲ್ಲ, ನಮ್ಮ ನಿಮ್ಮ ನಾಲಗೆಯಲ್ಲಿದೆ.

ಸರ್ಕಾರದ ಕೈಯಲ್ಲಿರುವುದು ಬೇರೆ. ಚೀಯು ಗಂಟುಕಟ್ಟಿದೆಯೆಂದು ಹೇಳಿದರೆ ಸಾಲದು; ಗಂಟನ್ನು ಹಾಕಿದವರಾರು ಎಂದು ಕೇಳಬೇಡವೆ? 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೇಟೊ ಪೆಟ್ಟಿಗೆಯ ಬೆಲೆಯು ಎರಡು ಸಾವಿರ ರೂಪಾಯಿಗಳನ್ನು ದಾಟಿತು. ಕೆಲವೇ ವಾರಗಳಲ್ಲಿ ಮುಗ್ಗರಿಸಿ ಬಿದ್ದಿತು. ಒಂದೇ ಋತುವಿನಲ್ಲಿ ಹರ್ಷವನ್ನೂ ಶೋಕವನ್ನೂ ಹೀಗೆ ತುದಿಗೊಯ್ಯುವ ಪೇಟೆಯಲ್ಲಿ ಯಾವ ನಾಡಿ ಸಮವಾಗಿದ್ದೀತು? ನಿತ್ಯ ಹರಿಯುವ ನದಿಯಿಲ್ಲದ ಈ ಜಿಲ್ಲೆಗೆ 2018ರ ಜೂನ್ ತಿಂಗಳಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಲಕ್ಷ್ಮೀಸಾಗರದ ಕೆರೆಗೆ ಬಂದಿತು. ಕೆರೆಗಳು ತುಂಬಿದ ಸಂತೋಷದೊಡನೆಯೇ ಆ ನೀರಿನ ಶುದ್ಧತೆಯ ಶಂಕೆಯೂ ಹುಟ್ಟಿತು. ಕಿರುಸಾಲ ಸಂಸ್ಥೆಗಳ ವಸೂಲಿಯ ಕಿರುಕುಳವನ್ನು ತಡೆಯಲು ರಾಜ್ಯವು 2025ರ ಫೆಬ್ರವರಿಯಲ್ಲಿ ಅಧ್ಯಾದೇಶವನ್ನು ಹೊರಡಿಸಬೇಕಾಯಿತು. ಮನೆಯ ಬಾಗಿಲಲ್ಲಿ ವಸೂಲಿಗಾರನು ಏರಿಸಿದ ದನಿಯಿಂದ ಹೆಂಗಸೊಬ್ಬಳ ಎದೆಬಡಿತವು ಹೆಚ್ಚಿದರೆ ಅದು ವೈದ್ಯರ ಪುಸ್ತಕಕ್ಕೆ ಸೇರಿದ ವಿಷಯವೂ ಹೌದು, ಕಾನೂನಿನ ಪುಸ್ತಕಕ್ಕೆ ಸೇರಿದ ವಿಷಯವೂ ಹೌದು. ನಿಶ್ಚಿತವಾದ ಬೆಲೆ, ನಂಬತಕ್ಕ ನೀರು, ಮರ್ಯಾದೆಯ ಸಾಲ, ಇವು ಮೂರೂ ಆರೋಗ್ಯ ಇಲಾಖೆಯ ಪಟ್ಟಿಯಲ್ಲಿಲ್ಲದ ಔಷಧಗಳು.

ಆದುದರಿಂದ ನಮ್ಮ ಬಿನ್ನಹವು ಇಷ್ಟೆ. ಹೋಬಳಿಯ ಪ್ರತಿಯೊಂದು ಆರೋಗ್ಯ ಕೇಂದ್ರದಲ್ಲಿಯೂ ರೋಗಿಯ ರಕ್ತದೊತ್ತಡವನ್ನು ಅಳೆಯುವಾಗ, ‘ನಿದ್ರೆ ಬರುತ್ತದೆಯೆ? ಮನೆಯಲ್ಲಿ ಏನು ಕಷ್ಟ?’ ಎಂಬ ಎರಡು ಮಾತುಗಳನ್ನು ಕೇಳುವ ಪದ್ಧತಿಯಾಗಲಿ. ಅದಕ್ಕೆ ಹಣ ಬೇಕಾಗಿಲ್ಲ, ಐದು ನಿಮಿಷದ ವ್ಯವಧಾನ ಬೇಕು. ಹಾಲಿನ ಡೇರಿಯ ಮುಂದೆ ಬೆಳಗಿನ ಹೊತ್ತು ಸೇರುವ ನೆರೆಹೊರೆಯವರು, ನಾಲ್ಕು ದಿನದಿಂದ ಮಂಕಾಗಿರುವವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಳ್ಳಲಿ. ಹಳೆಯ ಶಾಸ್ತ್ರಗಳನ್ನು ಕುರುಡಾಗಿ ನಂಬುವುದೂ ಬೇಡ, ಹಳೆಯವೆಂದು ಎಸೆಯುವುದೂ ಬೇಡ. ಚೀನದ ವೈದ್ಯನೂ ಚರಕನೂ ಮೈಯ ಬೇನೆಯನ್ನು ನೋಡುವಾಗ ಮನುಷ್ಯನನ್ನು ಪೂರ್ತಿಯಾಗಿ ನೋಡಿದರು. ಅವರು ಕಂಡುಹಿಡಿದ ಉತ್ತರಗಳಲ್ಲಿ ಎಷ್ಟೋ ಹಳತಾಗಿವೆ. ಅವರು ಕೇಳಿದ ಪ್ರಶ್ನೆ ಹಳತಾಗಿಲ್ಲ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆಯೆಂಬ ಗಾದೆಯುಂಟು. ಸುಗಟೂರು ಸೀಮೆಯ ರೈತನು ತನ್ನ ಸ್ವಂತ ಮನೆಯ ಚಾಪೆಯ ಮೇಲಾದರೂ ಕಣ್ಣುಮುಚ್ಚಿ ಮಲಗುವಂತಾದರೆ, ಅವನ ಅರ್ಧ ವ್ಯಾಧಿಯು ಅಲ್ಲಿಗೇ ಇಳಿಯುವುದು. ಉಳಿದರ್ಧಕ್ಕೆ ವೈದ್ಯರಿದ್ದಾರೆ.